ಅಜ್ಜಿಗಿದ್ದಿದ್ದು ಅಲರ್ಜಿನಾ? (ಗೊತ್ತಿಲ್ಲದ ಇತಿಹಾಸ, ಭಾಗ 6)

"ನಮ್ಮಜ್ಜಿಗೆ ಅನಸ್ತೇಶಿಯಾ ಅಲರ್ಜಿ ಕಣೇ. ಆಪರೇಷನ್ ಮುಗಿದ್ಮೇಲೂ ಗಂಟೆಗಟ್ಟಲೆ ಸ್ವಂತ ಉಸಿರಿರ್ಲಿಲ್ವಂತೆ, ಮೆಷಿನ್‌ನಲ್ಲಿ ಇಟ್ಟಿದ್ರಂತೆ." ದೊಡ್ಡಬಳ್ಳಾಪುರದ ಬಸ್‌ನಲ್ಲಿ ಫ್ರೆಂಡ್ ಹೇಳಿದ್ಲು. ಮುಂದಿನ ತಿಂಗಳು ಅವಳಿಗೇ ಆಪರೇಷನ್. ಅವರ ಮನೆಯವರು ಆರ್ಯವೈಶ್ಯರು. ಅದಕ್ಕೂ ಇದಕ್ಕೂ ಏನ್ ಸಂಬಂಧ ಅಂತೀರಾ? ಇದೆ!

1951ರಲ್ಲಿ ಸಕ್ಸಮೆಥೋನಿಯಂ ಬಳಕೆಗೆ ಬಂತು. ನಮ್ ಕಡೆ ಸ್ಕೋಲಿನ್ ಅಂತಾರೆ. ಗಂಟಲಿಗೆ ಟ್ಯೂಬ್ ಹಾಕೋಕೆ ಸ್ನಾಯುಗಳನ್ನ ಸಡಿಲ ಮಾಡೋ ಔಷಧಿ. ರಕ್ತದಲ್ಲಿರೋ ಕೋಲಿನೆಸ್ಟರೇಸ್ ಅನ್ನೋ ಕಿಣ್ವ ಅದನ್ನ ಕೆಲವೇ ನಿಮಿಷದಲ್ಲಿ ಒಡೆದುಹಾಕುತ್ತೆ. ಆದ್ರೆ ಕೆಲವು ರೋಗಿಗಳಿಗೆ ಗಂಟೆಗಳಾದ್ರೂ ಉಸಿರು ವಾಪಸ್ ಬರ್ತಿರ್ಲಿಲ್ಲ. 1957ರಲ್ಲಿ ಟೊರಾಂಟೋದ ವರ್ನರ್ ಕ್ಯಾಲೋ ಇದನ್ನ ಪತ್ತೆಹಚ್ಚೋ ರಕ್ತಪರೀಕ್ಷೆ ಕೊಟ್ರು. ಕಾರಣ ಅಲರ್ಜಿ ಅಲ್ಲ, ವಂಶದಿಂದ ಬಂದ ಕಿಣ್ವದ ಕೊರತೆ.

1979ರಲ್ಲಿ ಆಂಧ್ರದ ವೈಶ್ಯರಲ್ಲಿ ಈ ಕೊರತೆ ಹೆಚ್ಚು ಅಂತ ವರದಿ ಬಂತು. 2006ರಲ್ಲಿ ಅದರ ಹಿಂದಿನ ಜೀನ್ ಬದಲಾವಣೆಯೂ ಸಿಕ್ತು. ಇದು ಜಾತಿಯ ದೋಷ ಅಲ್ಲ, ಎಲ್ಲರಿಗೂ ಇರೋದೂ ಇಲ್ಲ. ತಲೆತಲಾಂತರದಿಂದ ಒಳಗೊಳಗೇ ಮದುವೆಯಾದ್ರೆ ಇಂಥವು ಉಳ್ಕೊಳ್ತವೆ. ಹೈದರಾಬಾದ್‌ನ ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ತಂಡ 2017ರಲ್ಲಿ ತೋರಿಸಿದ ಹಾಗೆ, ದಕ್ಷಿಣ ಏಷ್ಯಾದ ಎಷ್ಟೋ ಸಮುದಾಯಗಳ ಕಥೆ ಇದೇ.

ವ್ಯತ್ಯಾಸ ಹೇಗೆ ಗೊತ್ತಾಗುತ್ತೆ? ಜೋರು ಅಲರ್ಜಿಯಾದ್ರೆ ಸಾಮಾನ್ಯವಾಗಿ ಬಿಪಿ ಕುಸಿಯುತ್ತೆ, ಮೈಮೇಲೆ ದದ್ದು ಏಳಬಹುದು. ಮೊದಲ ಕೆಲವು ಗಂಟೆಯೊಳಗೆ ರಕ್ತ ತೆಗೆದು ಟ್ರಿಪ್ಟೇಸ್ ನೋಡ್ತಾರೆ, ಕೆಲವು ವಾರ ಬಿಟ್ಟು ಚರ್ಮದ ಪರೀಕ್ಷೆ. ಕಿಣ್ವದ ಕೊರತೆಯಲ್ಲಿ ಇದ್ಯಾವುದೂ ಇರಲ್ಲ, ಸ್ನಾಯುಗಳು ಮಾತ್ರ ಏಳಲ್ಲ. ಅದಕ್ಕೆ ಕೋಲಿನೆಸ್ಟರೇಸ್ ಪರೀಕ್ಷೆ.

ಅಜ್ಜಿಯ ಚೀಟಿಯಲ್ಲಿ ಔಷಧಿಯ ಹೆಸರೇ ಇಲ್ಲ. ಹಾಗಾಗಿ ಅವತ್ತು ಆಗಿದ್ದೇನು ಅಂತ ಇವತ್ತು ಯಾರೂ ಖಚಿತವಾಗಿ ಹೇಳಕ್ಕಾಗಲ್ಲ. ಆದ್ರೆ ಫ್ರೆಂಡ್ ಈ ಕಥೆನ ಅನಸ್ತೇಶಿಯಾ ಡಾಕ್ಟರ್‌ಗೆ ಹೇಳಿದ್ಲು. ಅವರು ಮೊದಲು ರಕ್ತ ಪರೀಕ್ಷೆಗೆ ಬರೆದುಕೊಟ್ರು. ಕೊರತೆ ಇದ್ರೂ ಹೆದರಬೇಕಿಲ್ಲ, ರೊಕುರೋನಿಯಂ ಥರ ಈ ಕಿಣ್ವ ಬೇಡದ ಔಷಧಿಗಳಿವೆ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೇಲಿ ಕೇಳಿ: ಆಪರೇಷನ್ ಆದ್ಮೇಲೆ ಯಾರಿಗಾದ್ರೂ ಹೀಗಾಗಿತ್ತಾ? ಆಗಿದ್ರೆ ಬರೆದಿಟ್ಕೊಳ್ಳಿ.