ಸಪ್ತಾಂಗ ಮತ್ತು ಮೂರು ಅಂಗಗಳು: ಸುರಪುರದ ಒಂದು ವಿಚಾರಣೆಯ ಹಿನ್ನೆಲೆಯಲ್ಲಿ

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಇಂದಿನ ಮೂರು ಪದಗಳಲ್ಲಿಯೂ 'ಅಂಗ' ಶಬ್ದವಿದೆ. ಭಾರತೀಯ ರಾಜನೀತಿಗೆ ಈ ಶಬ್ದ ಹೊಸದಲ್ಲ. ಹತ್ತನೆಯ ಶತಮಾನದ ಸೋಮದೇವಸೂರಿಯ 'ನೀತಿವಾಕ್ಯಾಮೃತ'ದಲ್ಲಿ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ಬಲ, ಮಿತ್ರ ಎಂಬ ಏಳಕ್ಕೂ ಒಂದೊಂದು ಸಮುದ್ದೇಶವಿದೆ. ವ್ಯಾಜ್ಯಗಳ ನಿರ್ಣಯಕ್ಕೆ ಪ್ರತ್ಯೇಕವಾಗಿ ವಿವಾದ ಸಮುದ್ದೇಶವಿದ್ದರೂ ನ್ಯಾಯನಿರ್ಣಯವು ರಾಜ್ಯದ ಏಳು ಅಂಗಗಳಲ್ಲಿ ಒಂದಾಗಿ ಎಣಿಕೆಗೆ ಬರಲಿಲ್ಲ. ಅದು ಸ್ವಾಮಿಯ ಧರ್ಮವೆನಿಸಿತು. ಸಪ್ತಾಂಗವು ಒಂದೇ ಶರೀರದ ಅವಯವಗಳು. ಅದರ ಶಿರಸ್ಸು ಸ್ವಾಮಿ.

1787ರಲ್ಲಿ ಫಿಲಡೆಲ್ಫಿಯದಲ್ಲಿ ರಚಿತವಾದ ಅಮೆರಿಕದ ಸಂವಿಧಾನದ ಕಲ್ಪನೆ ಇದಕ್ಕಿಂತ ಭಿನ್ನ. ಅಲ್ಲಿ ಅಂಗಗಳು ಮೂರೇ, ಅವುಗಳಿಗೊಬ್ಬ ಸ್ವಾಮಿಯಿಲ್ಲ. ಮೊದಲ ವಿಧಿಯು ಶಾಸನ ರಚನೆಯನ್ನು ಕಾಂಗ್ರೆಸ್ಸಿಗೂ, ಎರಡನೆಯದು ಕಾರ್ಯಾಧಿಕಾರವನ್ನು ಅಧ್ಯಕ್ಷನಿಗೂ, ಮೂರನೆಯದು ನ್ಯಾಯನಿರ್ಣಯವನ್ನು ನ್ಯಾಯಾಲಯಗಳಿಗೂ ಒಪ್ಪಿಸುತ್ತದೆ. ಅಧ್ಯಕ್ಷನು ತಿರಸ್ಕರಿಸಿದ ಮಸೂದೆಯನ್ನು ಎರಡೂ ಸದನಗಳು ಮೂರನೆಯ ಎರಡು ಬಹುಮತದಿಂದ ಶಾಸನವಾಗಿಸಬಲ್ಲವು. ನ್ಯಾಯಾಧೀಶರನ್ನು ಅಧ್ಯಕ್ಷನು ಸೂಚಿಸುತ್ತಾನೆ, ಸೆನೆಟ್ ಒಪ್ಪಬೇಕು, ನೇಮಕವಾದ ಮೇಲೆ ಅವರನ್ನು ತನ್ನ ಇಚ್ಛೆಯಂತೆ ತೆಗೆಯುವ ಅಧಿಕಾರ ಅಧ್ಯಕ್ಷನಿಗಿಲ್ಲ. ಸಂವಿಧಾನಕ್ಕೆ ವಿರುದ್ಧವಾದ ಶಾಸನವು ಅಸಿಂಧುವೆಂದು ಸಾರುವ ಅಧಿಕಾರವನ್ನು ಸುಪ್ರೀಂ ಕೋರ್ಟು 1803ರ ಮಾರ್ಬರಿ ಪ್ರಕರಣದಲ್ಲಿ ಸ್ಥಾಪಿಸಿತು.

ಇಂತಹ ವಿಭಜನೆಯಿಲ್ಲದ ಕಡೆ ಮನುಷ್ಯನ ಗತಿ ಏನಾಗಬಹುದೆಂಬುದಕ್ಕೆ ಸುರಪುರ ಸಂಸ್ಥಾನದ ಇತಿಹಾಸವೇ ನಿದರ್ಶನ. ಇಂದು ಯಾದಗಿರಿ ಜಿಲ್ಲೆಗೆ ಸೇರಿದ ದೇವಾಪುರವು ಈ ಸಂಸ್ಥಾನದ ಸೀಮೆಯ ಊರು. ಬೇಡ ನಾಯಕರ ಈ ಸಂಸ್ಥಾನಕ್ಕೆ 1841ರಲ್ಲಿ ಮೆಡೋಸ್ ಟೇಲರ್ ಬ್ರಿಟಿಷ್ ಅಧಿಕಾರಿಯಾಗಿ ಬಂದನು. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮನ ಪಕ್ಷ ಒಂದು ಕಡೆ, ದೊರೆಯ ತಮ್ಮ ಪಿಡ್ಡ ನಾಯಕನ ಪಕ್ಷ ಇನ್ನೊಂದು ಕಡೆ. ಇವರ ನಡುವೆ ಕಂದಾಯ, ಕಾವಲು, ನ್ಯಾಯತೀರ್ಮಾನ ಮೂರೂ ಕ್ರಮೇಣ ಟೇಲರನ ಕೈಸೇರಿದವು. ಆತ ಪ್ರಜೆಗಳ ಪ್ರೀತಿಗೆ ಪಾತ್ರನಾದ ದಕ್ಷ ಆಡಳಿತಗಾರ. ಆದರೆ ಆ ಒಳಿತು ವ್ಯಕ್ತಿಯದಾಗಿತ್ತು, ವ್ಯವಸ್ಥೆಯದಾಗಿರಲಿಲ್ಲ. 1853ರಲ್ಲಿ ಪ್ರಾಪ್ತವಯಸ್ಕನಾದ ದೊರೆಗೆ ಅಧಿಕಾರವನ್ನು ಒಪ್ಪಿಸಿ ಆತ ಹೊರಟುಹೋದ ಮೇಲೆ ಸಂಸ್ಥಾನದ ಸ್ಥಿತಿ ಬಹುಬೇಗ ಹದಗೆಟ್ಟಿತು.

1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕದನವಾಯಿತು. ಹೈದರಾಬಾದಿಗೆ ತೆರಳಿದ ವೆಂಕಟಪ್ಪ ನಾಯಕ ಅಲ್ಲಿ ಸೆರೆಸಿಕ್ಕನು; ವಿಚಾರಣೆ ನಡೆದು ಮರಣದಂಡನೆ ವಿಧಿಸಲಾಯಿತು. ರೆಸಿಡೆಂಟನು ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲನು ಅದನ್ನು ನಾಲ್ಕು ವರ್ಷಗಳ ಸೆರೆವಾಸಕ್ಕೆ ತಗ್ಗಿಸಿದನು. ಸೆರೆಗೆ ಒಯ್ಯುವ ದಾರಿಯಲ್ಲಿಯೇ ಆ ತರುಣ ದೊರೆ ಪಿಸ್ತೂಲಿನ ಗುಂಡಿನಿಂದ ಮರಣ ಹೊಂದಿದನು. 1860ರಲ್ಲಿ ಸಂಸ್ಥಾನ ನಿಜಾಮನಿಗೆ ಸೇರಿತು.

ಈ ಪ್ರಕರಣದಲ್ಲಿ ದಯೆ ಇರಲಿಲ್ಲವೆನ್ನಲಾಗದು. ಶಿಕ್ಷೆ ಎರಡು ಸಲ ತಗ್ಗಿತು. ಆದರೆ ಯುದ್ಧ ಹೂಡಿದವರು, ಆರೋಪ ಹೊರಿಸಿದವರು, ತೀರ್ಪಿತ್ತವರು, ಕ್ಷಮಿಸಿದವರು ಎಲ್ಲರೂ ಒಂದೇ ಪ್ರಭುತ್ವದ ಅಧಿಕಾರಿಗಳು. ಆ ಪ್ರಭುತ್ವಕ್ಕೆ ಅಧೀನವಲ್ಲದ ಇನ್ನೊಂದು ಪೀಠದ ಮುಂದೆ ನಿಲ್ಲುವ ಅವಕಾಶ ದೊರೆಗೂ ಇರಲಿಲ್ಲ. ಹೀಗಿರುವಲ್ಲಿ ದೇವಾಪುರದ ಒಕ್ಕಲಿಗನ ಮಾತೇನು?

ಇದೇ ಕಾಲದ ಅಮೆರಿಕದ ಒಂದು ಪ್ರಕರಣವನ್ನು ಇದರೊಡನೆ ಇಟ್ಟು ನೋಡಬಹುದು. ಅಲ್ಲಿಯ ಅಂತರ್ಯುದ್ಧದ ಸಮಯದಲ್ಲಿ, 1864ರಲ್ಲಿ, ಇಂಡಿಯಾನದ ಮಿಲಿಗನ್ ಎಂಬ ನಾಗರಿಕನಿಗೆ ಸೈನಿಕ ನ್ಯಾಯಮಂಡಳಿ ಮರಣದಂಡನೆ ವಿಧಿಸಿತು. ನಾಗರಿಕ ನ್ಯಾಯಾಲಯಗಳು ತೆರೆದಿರುವಾಗ ಸೈನಿಕ ಮಂಡಳಿಗೆ ನಾಗರಿಕನನ್ನು ವಿಚಾರಿಸುವ ಅಧಿಕಾರವಿಲ್ಲವೆಂದು 1866ರಲ್ಲಿ ಸುಪ್ರೀಂ ಕೋರ್ಟು ಸಾರಿತು, ಮಿಲಿಗನ್ ಬಿಡುಗಡೆಯಾದನು. ಅವನಿಗೆ ದೊರೆತದ್ದು ಕ್ಷಮೆಯಲ್ಲ, ಹಕ್ಕು.

ಹಾಗೆಂದು ಅಧಿಕಾರ ವಿಭಜನೆಯೊಂದೇ ನ್ಯಾಯಕ್ಕೆ ಜಾಮೀನಲ್ಲ. ಇದೇ ಸುಪ್ರೀಂ ಕೋರ್ಟು 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಕಪ್ಪು ಜನರು ಅಮೆರಿಕದ ಪ್ರಜೆಗಳೇ ಅಲ್ಲವೆಂದಿತ್ತು. ಆ ಅನ್ಯಾಯವನ್ನು ತಿದ್ದಲು ಘೋರ ಯುದ್ಧವೂ, ಗುಲಾಮಗಿರಿಯನ್ನು ಅಳಿಸಿದ 1865ರ ತಿದ್ದುಪಡಿಯೂ, ಪೌರತ್ವವನ್ನು ಸ್ಥಿರಪಡಿಸಿದ 1868ರ ತಿದ್ದುಪಡಿಯೂ ಬೇಕಾದವು. ಅಂಗಗಳು ಬೇರೆಯಾಗಿದ್ದರೆ ಒಂದರ ತಪ್ಪನ್ನು ತಿದ್ದಲು ಇನ್ನೊಂದು ದಾರಿ ಉಳಿದಿರುತ್ತದೆ ಎಂಬಷ್ಟೇ ಅದರ ಭರವಸೆ.

ಸುರಪುರದ ಸೀಮೆಗೂ ಈ ವಿಚಾರ ನಿಧಾನವಾಗಿ ಬಂದಿತು. 1920ರ ದಶಕದ ಆರಂಭದಲ್ಲಿ ಮೀರ್ ಉಸ್ಮಾನ್ ಅಲಿ ಖಾನರ ಹೈದರಾಬಾದ್ ಸಂಸ್ಥಾನವು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿ, ಬ್ರಿಟಿಷ್ ಭಾರತಕ್ಕಿಂತ ಮುಂದೆ ಹೆಜ್ಜೆಯಿಟ್ಟಿತು. ಭಾರತ ಸಂವಿಧಾನದ 50ನೆಯ ಅನುಚ್ಛೇದ ಅದನ್ನೇ ರಾಜ್ಯದ ಕರ್ತವ್ಯವೆಂದಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡಪ್ರಕ್ರಿಯಾ ಸಂಹಿತೆಯು ನ್ಯಾಯಿಕ ಮ್ಯಾಜಿಸ್ಟ್ರೇಟರನ್ನು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಂದ ಬೇರೆ ಮಾಡಿ ಹೈಕೋರ್ಟಿನ ಅಧೀನಕ್ಕೆ ತಂದಿತು. ಇಂದು ದೇವಾಪುರದವನೊಬ್ಬನ ಮೇಲೆ ಅಪರಾಧದ ಆರೋಪ ಬಂದರೆ ಅವನನ್ನು ಬಂಧಿಸುವವರು ಬೇರೆ, ವಿಚಾರಿಸುವವರು ಬೇರೆ. ವೆಂಕಟಪ್ಪ ನಾಯಕನಿಗೆ ದೊರೆಯಾಗಿದ್ದೂ ಲಭಿಸದ ಈ ರಕ್ಷಣೆ ಈಗ ಸಾಮಾನ್ಯ ಪ್ರಜೆಯ ಹಕ್ಕಾಗಿದೆ. 'ಅಂಗ' ಶಬ್ದ ಹಳೆಯದೇ. ಅದರ ಅರ್ಥ ಮಾತ್ರ ಸ್ವಾಮಿಯ ಶರೀರದಿಂದ ಬಿಡುಗಡೆ ಹೊಂದಿದೆ.