ತಪ್ಪು ನಿಕೋಟಿನ್‌ನದೋ ಹೊಗೆಯದೋ: ಗಾಯ ಮಾಯುವ ಚರ್ಚೆಯ ಮರುಪರಿಶೀಲನೆ

ನಿಕೋಟಿನ್ ರಕ್ತನಾಳಗಳನ್ನು ಬಿಗಿಸುತ್ತದೆ, ಆದ್ದರಿಂದ ಬೀಡಿ ಸೇದುವವರ ಗಾಯ ಬೇಗ ಮಾಯುವುದಿಲ್ಲ ಎಂಬ ಮಾತು ನಮ್ಮ ಆರೋಗ್ಯ ಬರಹಗಳಲ್ಲಿ ಎಷ್ಟು ಸಲ ಅಚ್ಚಾಗಿದೆಯೆಂದರೆ, ಅದಕ್ಕೆ ಆಧಾರ ಕೇಳುವವರೇ ಇಲ್ಲ. ಸೇದುವವರ ಗಾಯ ತಡವಾಗಿ ಮಾಯುತ್ತದೆ, ಕೀವಾಗುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆ ಹೊಣೆಯನ್ನು ಪೂರ್ತಿಯಾಗಿ ನಿಕೋಟಿನ್ ತಲೆಗೆ ಕಟ್ಟಿದ ರೀತಿಯನ್ನು ಮಾತ್ರ ಒಪ್ಪಲಾರೆ.

ಈ ಓದಿಗೆ ಮೂಲ 1977ರಲ್ಲಿ ಮೋಸ್ಲಿ ಮತ್ತು ಫಿನ್ಸೆತ್ ಬರೆದ, ಸಿಗರೇಟು ಮತ್ತು ಕೈಗಾಯದ ಕುರಿತ ಲೇಖನ. ಮರುವರ್ಷ ಅವರು ಮೊಲಗಳಿಗೆ ನಿಕೋಟಿನ್ ಕೊಟ್ಟು ಕಿವಿಯ ಗಾಯಗಳನ್ನು ನೋಡಿದರು. 1992ರಲ್ಲಿ ಸಿಲ್ವರ್‌ಸ್ಟೈನ್ ಇದನ್ನೆಲ್ಲ ಕೂಡಿಸಿ ಮೂರು ಅಪರಾಧಿಗಳನ್ನು ಹೆಸರಿಸಿದ: ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್. ಮೊದಲನೆಯದು ನಾಳ ಬಿಗಿಸುತ್ತದೆ, ಎರಡನೆಯದು ರಕ್ತ ಆಮ್ಲಜನಕ ಹೊರುವುದನ್ನು ಕುಗ್ಗಿಸುತ್ತದೆ, ಮೂರನೆಯದು ಜೀವಕೋಶ ಅದನ್ನು ಬಳಸದಂತೆ ತಡೆಯುತ್ತದೆ. ಅವನನ್ನು ಉಲ್ಲೇಖಿಸಿದವರಲ್ಲಿ ಬಹಳ ಜನ ಮೊದಲನೆಯದನ್ನಷ್ಟೇ ಉಳಿಸಿಕೊಂಡರು. (ಸಿಲ್ವರ್‌ಸ್ಟೈನ್‌ನನ್ನು ನಾನು ದೂರುವುದಿಲ್ಲ, ಅವನನ್ನು ಅರ್ಧಕ್ಕೆ ಓದಿ ಬಿಟ್ಟವರನ್ನು ದೂರುತ್ತೇನೆ.)

ಎದುರು ಪಕ್ಷದ ಬಲವಾದ ಸಾಕ್ಷಿಯನ್ನೂ ಹೇಳಬೇಕು. 1991ರಲ್ಲಿ ಜೆನ್ಸೆನ್ ಮತ್ತು ಸಂಗಡಿಗರು ಹತ್ತು ನಿಮಿಷ ಸೇದಿದ ಸ್ವಯಂಸೇವಕರ ಗಾಯದ ಅಂಗಾಂಶದಲ್ಲಿ ಆಮ್ಲಜನಕದ ಒತ್ತಡ ಸರಾಸರಿ 65ರಿಂದ 44 ಮಿಲಿಮೀಟರ್ ಪಾದರಸಕ್ಕೆ ಇಳಿದುದನ್ನು ಅಳೆದರು. ಇಷ್ಟು ಬೇಗ ಇಳಿದು ಮತ್ತೆ ಏರುವ ಗತಿಗೆ ನಾಳ ಬಿಗಿಯುವುದೇ ಕಾರಣವಿರಬೇಕು ಎಂಬ ವಾದಕ್ಕೆ ತೂಕವಿದೆ. ಆದರೆ ಒಂದು ತಾಸಿನೊಳಗಿನ ಏರಿಳಿತದಿಂದ ಎರಡು ವಾರ ಮಾಯದ ಗಾಯವನ್ನು ವಿವರಿಸಿಬಿಡಲು ಆಗದು.

ಇಲ್ಲಿಯೇ ನಮ್ಮವರು ಕಡೆಗಣಿಸಿದ ಸಾಕ್ಷಿ ಬರುತ್ತದೆ. ಡೆನ್ಮಾರ್ಕಿನ ಸೋರೆನ್ಸೆನ್, ಕಾರ್ಲ್ಸ್‌ಮಾರ್ಕ್, ಗೊಟ್ರುಪ್ 2003ರಲ್ಲಿ 48 ಧೂಮಪಾನಿಗಳನ್ನೂ ಎಂದೂ ಸೇದದ 30 ಜನರನ್ನೂ ತೆಗೆದುಕೊಂಡರು. ಧೂಮಪಾನಿಗಳೆಲ್ಲ ಒಂದು ವಾರ ದಿನಕ್ಕೆ 20 ಸಿಗರೇಟು ಸೇದಿದರು. ಆಮೇಲೆ ಚೀಟಿ ಎತ್ತಿದಂತೆ ಹಂಚಿ ಕೆಲವರನ್ನು ಸೇದಲು ಬಿಟ್ಟರು. ಬಿಡಿಸಿದವರಲ್ಲಿ ಕೆಲವರಿಗೆ ನಿಕೋಟಿನ್ ಪ್ಯಾಚ್, ಉಳಿದವರಿಗೆ ಬರೀ ಹುಸಿ ಪ್ಯಾಚ್ ಅಂಟಿಸಿದರು. ಟೊಂಕದ ಕೆಳಗೆ ಚಿಕ್ಕ ಗಾಯ ಮಾಡಿ ಎರಡು ವಾರ ಕಾದು ನೋಡಿದರು. ಸೇದುವವರ 93 ಗಾಯಗಳಲ್ಲಿ 11ಕ್ಕೆ ಸೋಂಕು. ಎಂದೂ ಸೇದದವರ 48ರಲ್ಲಿ ಒಂದಕ್ಕೆ. ನಾಲ್ಕು ವಾರ ಬಿಟ್ಟವರಲ್ಲಿ ಸೋಂಕು ಸ್ಪಷ್ಟವಾಗಿ ಇಳಿಯಿತು. ನಿಕೋಟಿನ್ ಪ್ಯಾಚ್‌ನವರಿಗೂ ಹುಸಿ ಪ್ಯಾಚ್‌ನವರಿಗೂ ವ್ಯತ್ಯಾಸ ಕಾಣಲಿಲ್ಲ.

ನಿಕೋಟಿನ್ ಒಂದೇ ಕಾರಣವಾಗಿದ್ದರೆ ಪ್ಯಾಚ್ ಅಂಟಿಸಿಕೊಂಡವರ ಗಾಯ ಸೇದುವವರ ಗಾಯದಂತೆಯೇ ಕೆಡಬೇಕಿತ್ತು. ಗಾಯ ಚಿಕ್ಕದು, ಜನ ಆರೋಗ್ಯವಂತರು, ಅಳೆದದ್ದು ಸೋಂಕನ್ನು ಎಂಬ ಆಕ್ಷೇಪಗಳನ್ನು ಬಲ್ಲೆ. ರಕ್ತ ಪೂರೈಕೆಯೇ ಎಳೆಯಂತಿರುವ ಚರ್ಮದ ಕಸಿಯಲ್ಲಿ ಫಲ ಬೇರೆಯಾಗಬಹುದು ಎಂಬುದನ್ನು ಒಪ್ಪುತ್ತೇನೆ. ಆದರೆ ಮೊಲದ ಕಿವಿಯನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಿದವರು ಮನುಷ್ಯರ ಮೇಲಿನ ಪ್ರಯೋಗ ಚಿಕ್ಕದೆಂದು ತಳ್ಳುವುದು ನ್ಯಾಯವಲ್ಲ. ಅದಕ್ಕೂ ಮೊದಲು, 2002ರಲ್ಲಿ, ಮೋಲರ್ ಮತ್ತವರ ತಂಡ ಸೊಂಟ, ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಬಂದ 120 ಜನರಲ್ಲಿ ಅರ್ಧದಷ್ಟು ಮಂದಿಗೆ 6–8 ವಾರ ಮುಂಚಿತವಾಗಿ ಸೇದುವುದನ್ನು ಬಿಡಿಸಲು ಸಲಹೆಯ ಜೊತೆ ನಿಕೋಟಿನ್ ಉತ್ಪನ್ನಗಳನ್ನೂ ಕೊಟ್ಟಿತ್ತು. ಗಾಯದ ತೊಂದರೆ ಆ ಗುಂಪಿನಲ್ಲಿ ಶೇ. 5, ಇನ್ನೊಂದರಲ್ಲಿ ಶೇ. 31.

ಇದೇ ಬೆರಕೆ ಇನ್ನೊಂದು ಕಡೆಯೂ ನಡೆದಿದೆ. ನಮ್ಮ ಕಡೆ ಕೊಯ್ದ ಗಾಯಕ್ಕೆ ತಂಬಾಕಿನ ಪುಡಿ ಒತ್ತುವ ರೂಢಿಯನ್ನು ಸುಶ್ರುತನ ಧೂಮಪಾನ ವಿಧಿಗೆ ಜೋಡಿಸುವವರಿದ್ದಾರೆ. ಸುಶ್ರುತನದು ಬೇರೆ ಗಿಡಮೂಲಿಕೆಗಳ ಹೊಗೆ. ತಂಬಾಕು ಅಮೆರಿಕದ ಸಸ್ಯ. ಅದರ ಎಲೆ ಗಾಯಕ್ಕೆ ಮದ್ದೆಂದು ಹೊಗಳಿದವನು 1571ರಲ್ಲಿ ಸೆವಿಲ್ಲೆಯ ವೈದ್ಯ ಮೊನಾರ್ಡೆಸ್. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಸದ್ ಬೇಗ್ ಅದನ್ನು ಬಿಜಾಪುರದಲ್ಲಿ ಕಂಡು ಅಕ್ಬರನ ಬಳಿಗೆ ಒಯ್ದ. ಎಲೆ, ಹೊಗೆ, ನಿಕೋಟಿನ್ ಮೂರನ್ನೂ ಒಂದೇ ಎಂದುಕೊಂಡಲ್ಲೆಲ್ಲ ಇತಿಹಾಸವೂ ಕೆಡುತ್ತದೆ, ವೈದ್ಯವೂ ಕೆಡುತ್ತದೆ.

ಉದಗೀರದಲ್ಲಿ ಕೂತು ಈ ಭೇದಕ್ಕೆ ಹಟ ಹಿಡಿಯಲು ಕಾರಣವಿದೆ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಸೇದುವವರು ಶೇ. 3.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 24.4. 1956ರ ತನಕ ಬೀದರ್ ಜಿಲ್ಲೆಯಲ್ಲೇ ಇದ್ದ ಈ ತಾಲೂಕಿನಲ್ಲಿ, ಕನ್ನಡ ಮನೆಯಿರಲಿ ಮರಾಠಿ ಮನೆಯಿರಲಿ, ಸುಣ್ಣ ತಿಕ್ಕಿದ ತಂಬಾಕು ಗಂಡಸರ ಕೈಯಲ್ಲಿ, ಮಿಶ್ರಿ ಹೆಂಗಸರ ಕೈಯಲ್ಲಿ. ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿಮಾಡಿ, ಬೆಳಗ್ಗೆ ಹಲ್ಲಿಗೆ ಉಜ್ಜುವ ಮಿಶ್ರಿಯಿಂದ ನಿಕೋಟಿನ್ ಒಸಡಿನ ಮೂಲಕ ರಕ್ತಕ್ಕೆ ಇಳಿಯುತ್ತದೆ. ಉಜ್ಜುವಾಗ ಒಳಗೆ ಎಳೆದುಕೊಳ್ಳುವ ಹೊಗೆ ಇಲ್ಲ.

ಕೇಸ್ ಪೇಪರಿನಲ್ಲಿ ಬೀಡಿ ಸಿಗರೇಟಿನ ಪ್ರಶ್ನೆಯೊಂದೇ ಇದ್ದರೆ, ಸಿಸೇರಿಯನ್ ಹೊಲಿಗೆ ಹಾಕಿಸಿಕೊಂಡ ಇಂಥ ಹೆಣ್ಣುಮಗಳು ಎಂದೂ ಸೇದದವರ ಸಾಲಿಗೆ ಬೀಳುತ್ತಾಳೆ. ಡೆನ್ಮಾರ್ಕಿನ ಆ 30 ಜನರ ಜೊತೆ ಅವಳನ್ನು ಸೇರಿಸುವುದು ತಪ್ಪು; ದಿನಕ್ಕೆ 20 ಸಿಗರೇಟು ಸೇದಿದವರ ಜೊತೆ ಸೇರಿಸುವುದೂ ತಪ್ಪು. ಅವಳಿಗೆ ಹತ್ತಿರದವರು ಪ್ಯಾಚ್ ಅಂಟಿಸಿಕೊಂಡವರು, ಅದೂ ಅರ್ಧಂಬರ್ಧ: ಪ್ಯಾಚ್‌ನಲ್ಲಿ ಅಳತೆಯ ನಿಕೋಟಿನ್ ಇರುತ್ತದೆ, ಮಿಶ್ರಿಯಲ್ಲಿ ಕ್ಯಾನ್ಸರ್ ತರುವ ನೈಟ್ರೋಸಮೀನ್‌ಗಳೂ ಇರುತ್ತವೆ. ಹಾಗಾಗಿ ಹೊಗೆ ಇಲ್ಲದ ತಂಬಾಕು ಗಾಯಕ್ಕೆ ನಿರಪಾಯ ಎನ್ನಲು ಈ ಪ್ರಯೋಗವನ್ನು ಯಾರೂ ಎಳೆದು ತರಬಾರದು. ಮಿಶ್ರಿ, ತಂಬಾಕು, ಬೀಡಿಗೆ ಬೇರೆ ಬೇರೆ ಕಾಲಂ ಬೇಕು. ಆಪರೇಷನ್‌ಗೆ ನಾಲ್ಕು ವಾರ ಮೊದಲು ಬೀಡಿ ಬಿಡಲು ಒದ್ದಾಡುವವನಿಗೆ, ಅದರಲ್ಲೂ ನಿಕೋಟಿನ್ ಇದೆ ಎಂಬ ಒಂದೇ ನೆಪದಿಂದ ಪ್ಯಾಚ್ ನಿರಾಕರಿಸಬಾರದು.