ಗಡಿ ಜಿಲ್ಲೆಯಲ್ಲಿ ಸ್ನಾತಕೋತ್ತರ ಆಯ್ಕೆಗಳು: ಬೀದರ್, ಭಾಲ್ಕಿ ಮತ್ತು ಔರಾದ್ ಹಿನ್ನೆಲೆಯಲ್ಲಿ ರಾಜ್ಯಶಾಸ್ತ್ರ, ಅಂತರರಾಷ್ಟ್ರೀಯ ಸಂಬಂಧಗಳು ಮತ್ತು ಅಭಿವೃದ್ಧಿ ಅಧ್ಯಯನ

ಪ್ರಸ್ತಾವನೆ

ಸ್ನಾತಕೋತ್ತರ ವಿಷಯದ ಆಯ್ಕೆಯನ್ನು ವಿದ್ಯಾರ್ಥಿಯ ಆಸಕ್ತಿ ಮತ್ತು ಅಂಕಗಳೇ ನಿರ್ಧರಿಸುತ್ತವೆ ಎಂಬ ತಿಳಿವಳಿಕೆ ಸಾಮಾನ್ಯವಾದದ್ದು. ಆದರೆ ರಾಜ್ಯದ ಉತ್ತರದ ತುದಿಯಲ್ಲಿರುವ ಬೀದರ್ ಜಿಲ್ಲೆಯ ಮಟ್ಟಿಗೆ ದೂರ, ಬೋಧನಾ ಮಾಧ್ಯಮ, ಸಂವಿಧಾನದ ವಿಶೇಷ ವಿಧಿಗಳು ಹಾಗೂ ಮುಂದೆ ಎದುರಾಗುವ ಅರ್ಹತಾ ಪರೀಕ್ಷೆಗಳು ಈ ಆಯ್ಕೆಯನ್ನು ಆಸಕ್ತಿಗಿಂತ ಮೊದಲೇ ಕಟ್ಟಿಹಾಕುತ್ತವೆ. ರಾಜ್ಯಶಾಸ್ತ್ರ, ಅಂತರರಾಷ್ಟ್ರೀಯ ಸಂಬಂಧಗಳು ಮತ್ತು ಅಭಿವೃದ್ಧಿ ಅಧ್ಯಯನ ಎಂಬ ಮೂರು ಶಿಸ್ತುಗಳನ್ನು ಮುಂದಿಟ್ಟುಕೊಂಡು, ಬೀದರ್ ನಗರ, ಭಾಲ್ಕಿ ಮತ್ತು ಔರಾದ್‌ನ ಪದವೀಧರರಿಗೆ ತೆರೆದಿರುವ ದಾರಿಗಳನ್ನೂ ಆ ದಾರಿಗಳ ಮಿತಿಗಳನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೂರು ಶಿಸ್ತುಗಳ ಸ್ವರೂಪ

ಅಧಿಕಾರ ಎಲ್ಲಿಂದ ಹುಟ್ಟುತ್ತದೆ, ಯಾರ ಕೈಯಲ್ಲಿರುತ್ತದೆ, ಯಾವ ನಿಯಮಕ್ಕೆ ಒಳಪಡುತ್ತದೆ ಎಂಬುದನ್ನು ರಾಜ್ಯಶಾಸ್ತ್ರ ವಿಚಾರಿಸುತ್ತದೆ. ಇದು ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಬೇರೂರಿರುವ ವಿಷಯ. ಸಾರ್ವಭೌಮ ರಾಷ್ಟ್ರಗಳ ನಡುವಿನ ಯುದ್ಧ, ಸಂಧಿ, ವ್ಯಾಪಾರ ಮತ್ತು ಸಂಸ್ಥೆಗಳನ್ನು ಅಭ್ಯಸಿಸುವ ಅಂತರರಾಷ್ಟ್ರೀಯ ಸಂಬಂಧಗಳ ಶಿಸ್ತು ಮೊದಲ ಮಹಾಯುದ್ಧದ ಬೆನ್ನಿಗೆ, 1919ರಲ್ಲಿ ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಸ್ಥಾಪನೆಯಾದ ಪೀಠದೊಂದಿಗೆ ಸ್ವತಂತ್ರ ರೂಪ ಪಡೆಯಿತು. ಭಾರತದಲ್ಲಿ 1955ರಲ್ಲಿ ಆರಂಭವಾಗಿ 1970ರಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದೊಳಗೆ ಸೇರಿದ ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆಯು ಇದಕ್ಕೆ ನೆಲೆಯಾಯಿತು. ಬಡತನ, ಭೂಮಿ, ಶಿಕ್ಷಣ, ಆರೋಗ್ಯ ಮತ್ತು ಸರ್ಕಾರಿ ಯೋಜನೆಗಳನ್ನು ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳ ಸಾಧನಗಳಿಂದ ಒಟ್ಟಾಗಿ ನೋಡುವ ಅಭಿವೃದ್ಧಿ ಅಧ್ಯಯನ ಮೂರರಲ್ಲಿ ಕಿರಿಯದು. ವಸಾಹತುಗಳು ಸ್ವತಂತ್ರವಾಗುತ್ತಿದ್ದ ಕಾಲದಲ್ಲಿ ಹೇಗ್ ನಗರದಲ್ಲಿ 1952ರಲ್ಲಿ ಹಾಗೂ ಬ್ರಿಟನ್ನಿನ ಸಸೆಕ್ಸ್‌ನಲ್ಲಿ 1966ರಲ್ಲಿ ಹುಟ್ಟಿದ ಸಂಸ್ಥೆಗಳು ಅದಕ್ಕೆ ಆಕಾರ ಕೊಟ್ಟವು.

ಗಡಿಯ ಎರಡು ಬದಿಯ ಸಂಸ್ಥೆಗಳು

1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಬೀದರ್ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು, ಮತ್ತು ಈ ಭಾಗದ ಉನ್ನತ ಶಿಕ್ಷಣದ ದಾರಿ 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದತ್ತ ಹೋಗುತ್ತಿತ್ತು. ಆ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಶ್ರಮದಿಂದ ಕನ್ನಡ ಶಾಲಾ ಶಿಕ್ಷಣ ಇಲ್ಲಿ ಉಳಿದು ಬೆಳೆಯಿತಾದರೂ, ಉನ್ನತ ಶಿಕ್ಷಣದ ಕನ್ನಡ ನೆಲೆ ಹತ್ತಿರಕ್ಕೆ ಬರಲು ಬಹುಕಾಲ ಹಿಡಿಯಿತು. ಕರ್ನಾಟಕ ವಿಶ್ವವಿದ್ಯಾಲಯದ ಕಲಬುರಗಿ ಸ್ನಾತಕೋತ್ತರ ಕೇಂದ್ರವು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಅದರ ಸ್ನಾತಕೋತ್ತರ ಕೇಂದ್ರವಿದ್ದ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯೇ 2023ರಲ್ಲಿ ಬೀದರ್ ವಿಶ್ವವಿದ್ಯಾಲಯದ ನೆಲೆಯಾಯಿತು. ಹಿಂದಿನ ಸರ್ಕಾರ ಸ್ಥಾಪಿಸಿದ್ದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾವ 2025ರಲ್ಲಿ ಬಂದಾಗ, ಸಂಯೋಜಿತ ಕಾಲೇಜುಗಳ ಸಂಖ್ಯೆ ಹೆಚ್ಚಿದ್ದ ಬೀದರ್ ಆ ಪಟ್ಟಿಯಿಂದ ಹೊರಗುಳಿಯಿತು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಆರಂಭವಾದ ಮೇಲೆ ಆ ಕಡೆಯ ಪ್ರಯಾಣವೂ ಸುಲಭವಾಗಿದೆ.

ಗಡಿಯಾಚೆಗೆ ಹೈದರಾಬಾದ್ ಇದೆ. ಬೀದರ್‌ನಿಂದ ಬೆಂಗಳೂರಿಗಿಂತ ಅದು ಎಷ್ಟೋ ಪಟ್ಟು ಹತ್ತಿರ. ಉಸ್ಮಾನಿಯಾ ಮಾತ್ರವಲ್ಲದೆ 1974ರ ಹೈದರಾಬಾದ್ ವಿಶ್ವವಿದ್ಯಾಲಯ, 1998ರ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಹೈದರಾಬಾದ್ ಆವರಣ, ರಾಜೇಂದ್ರನಗರದ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಇವೆಲ್ಲ ಅಲ್ಲಿವೆ. ಉರ್ದು ಮಾಧ್ಯಮದಲ್ಲಿ ಓದಿದ ಬೀದರ್ ನಗರದ ವಿದ್ಯಾರ್ಥಿಗೆ ಅದೇ ಭಾಷೆಯಲ್ಲಿ ಸ್ನಾತಕೋತ್ತರ ಅಧ್ಯಯನ ಮುಂದುವರಿಸುವ ಅವಕಾಶ ಇಷ್ಟು ಸಮೀಪದಲ್ಲಿ ಬೇರೆಲ್ಲೂ ಇಲ್ಲ.

ಇಲ್ಲಿ ಸಂವಿಧಾನದ ಎರಡು ವಿಧಿಗಳು ಎದುರುಬದುರಾಗುತ್ತವೆ. 98ನೇ ತಿದ್ದುಪಡಿಯ ಮೂಲಕ ಸೇರಿದ 371(ಜೆ) ವಿಧಿಯ ಆಧಾರದ ಮೇಲೆ 2013ರಲ್ಲಿ ಹೊರಟ ಆದೇಶದಂತೆ, ಈಗ ಕಲ್ಯಾಣ ಕರ್ನಾಟಕವೆನಿಸಿರುವ ಪ್ರದೇಶದ ಸಂಸ್ಥೆಗಳಲ್ಲಿ ಶೇ 70ರಷ್ಟು ಹಾಗೂ ಉಳಿದ ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ತೆಲಂಗಾಣದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ 371(ಡಿ) ವಿಧಿಯಡಿ ಅಲ್ಲಿನ ಸ್ಥಳೀಯರಿಗೆ ಇಂಥದೇ ರಕ್ಷಣೆ ಇದೆ. ಹೀಗಾಗಿ ಔರಾದ್‌ನ ವಿದ್ಯಾರ್ಥಿ ಜಹೀರಾಬಾದ್ ದಾಟಿದೊಡನೆ ತನ್ನ ಸ್ಥಳೀಯತೆಯನ್ನು ಕಳೆದುಕೊಂಡು, ಒಂದು ಕಾಲಕ್ಕೆ ತನ್ನ ಪ್ರದೇಶದ್ದೇ ಆಗಿದ್ದ ರಾಜಧಾನಿಯಲ್ಲಿ ಹೊರಗಿನವನಾಗುತ್ತಾನೆ. ಆತನಿಗೆ ಅಲ್ಲಿ ಸಮಾನ ನೆಲೆ ಸಿಗುವುದು ಅಖಿಲ ಭಾರತ ಮಟ್ಟದಲ್ಲಿ ಪ್ರವೇಶ ನೀಡುವ ಕೇಂದ್ರೀಯ ಸಂಸ್ಥೆಗಳಲ್ಲಿ ಮಾತ್ರ.

ಮಾಧ್ಯಮ ಮತ್ತು ಅರ್ಹತಾ ಪರೀಕ್ಷೆ

ಕೇಂದ್ರೀಯ ಸಂಸ್ಥೆಗಳ ಬಾಗಿಲಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಪದವಿ ಪ್ರವೇಶದ ಸಾಮಾನ್ಯ ಪರೀಕ್ಷೆಯಾದ ಸಿಯುಇಟಿಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದಾದರೂ, ಸ್ನಾತಕೋತ್ತರ ಹಂತದ ಅದೇ ಹೆಸರಿನ ಪರೀಕ್ಷೆ ರಾಜ್ಯಶಾಸ್ತ್ರದಂಥ ವಿಷಯಗಳಿಗೆ ಇಂಗ್ಲಿಷ್ ಮತ್ತು ಹಿಂದಿಗೆ ಸೀಮಿತ. ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ನಡೆಯುವ ರಾಷ್ಟ್ರೀಯ ಪರೀಕ್ಷೆ ಎನ್‌ಇಟಿಗೂ ಇದೇ ಮಿತಿ ಇದ್ದು, ರಾಜ್ಯದ ಕೆ-ಸೆಟ್ ಪರೀಕ್ಷೆ ಮಾತ್ರ ಕನ್ನಡಕ್ಕೆ ಎಡೆ ಕೊಡುತ್ತದೆ. ಕೆ-ಸೆಟ್ ಬೋಧನೆಯ ಅರ್ಹತೆಯನ್ನಷ್ಟೇ ನೀಡುತ್ತದೆ. ಸಂಶೋಧನಾ ಶಿಷ್ಯವೇತನ ದೊರೆಯುವುದು ಎನ್‌ಇಟಿಯ ಮೂಲಕ. 2024ರಿಂದ ಎನ್‌ಇಟಿ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸಲು ಯುಜಿಸಿ ಅವಕಾಶ ಮಾಡಿಕೊಟ್ಟಿರುವುದರಿಂದ, ಕನ್ನಡದಲ್ಲಿ ಎಂ.ಎ. ಉತ್ತರ ಬರೆದ ವಿದ್ಯಾರ್ಥಿಗೆ ಕಾಲೇಜಿನ ದಾರಿ ತೆರೆದಿದ್ದರೂ ಸಂಶೋಧನೆಯ ದಾರಿ ಇನ್ನಷ್ಟು ಕಿರಿದಾಗಿದೆ.

ವಿಷಯದ ಹೆಸರೂ ಇಲ್ಲಿ ಪರಿಣಾಮ ಬೀರುತ್ತದೆ. ಎನ್‌ಇಟಿಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳಿಗೆ ರಾಜ್ಯಶಾಸ್ತ್ರದಿಂದ ಬೇರೆಯಾದ ಪತ್ರಿಕೆ ಇದೆ. ಅಭಿವೃದ್ಧಿ ಅಧ್ಯಯನವಾದರೋ ಅರ್ಥಶಾಸ್ತ್ರದ ಪತ್ರಿಕೆಯೊಳಗೆ ಬರುತ್ತದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂಬಂಧಿತ ಅಥವಾ ಪೂರಕ ವಿಷಯದ ಸ್ನಾತಕೋತ್ತರ ಪದವಿ ಸಾಕೆಂದು 2018ರ ಯುಜಿಸಿ ನಿಯಮಾವಳಿ ಹೇಳುತ್ತದೆ, ಆದರೆ ಪದವಿ ಕಾಲೇಜುಗಳ ಹುದ್ದೆಗಳು ಪ್ರಕಟವಾಗುವುದು ರಾಜ್ಯಶಾಸ್ತ್ರ ಅಥವಾ ಅರ್ಥಶಾಸ್ತ್ರದ ಹೆಸರಿನಲ್ಲಿ. ಔರಾದ್ ಅಥವಾ ಭಾಲ್ಕಿಯ ಕಾಲೇಜಿಗೆ ಅಧ್ಯಾಪಕರಾಗಿ ಮರಳಬಯಸುವವರಿಗೆ ರಾಜ್ಯಶಾಸ್ತ್ರದ ಎಂ.ಎ. ಸುರಕ್ಷಿತ, ಯೋಜನಾ ಕ್ಷೇತ್ರ, ಸ್ವಯಂಸೇವಾ ಸಂಸ್ಥೆ ಅಥವಾ ನೀತಿ ಸಂಶೋಧನೆಯತ್ತ ಹೋಗುವವರಿಗೆ ಅಭಿವೃದ್ಧಿ ಅಧ್ಯಯನ ಹೆಚ್ಚು ಉಪಯುಕ್ತ.

ಕನ್ನಡದಲ್ಲಿ ಅಭಿವೃದ್ಧಿ ಅಧ್ಯಯನ

ಅಭಿವೃದ್ಧಿ ಅಧ್ಯಯನವು ಇಂಗ್ಲಿಷಿನಲ್ಲಷ್ಟೇ ಸಾಧ್ಯವೆಂಬ ಭಾವನೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗವೇ ಉತ್ತರ. ಅಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದ ಟಿ. ಆರ್. ಚಂದ್ರಶೇಖರ ಅವರು ಮಾನವ ಅಭಿವೃದ್ಧಿ, ಪ್ರಾದೇಶಿಕ ಅಸಮಾನತೆಯಂಥ ಪರಿಕಲ್ಪನೆಗಳನ್ನು ಕನ್ನಡದಲ್ಲಿಯೇ ಚರ್ಚಿಸಿದ್ದಾರೆ. ಗದಗಿನಲ್ಲಿ 2016ರಲ್ಲಿ ಆರಂಭವಾದ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಈ ಕ್ಷೇತ್ರವನ್ನು ಸ್ಥಳೀಯ ಆಡಳಿತಕ್ಕೆ ಜೋಡಿಸುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಭಿವೃದ್ಧಿ ಎಂ.ಎ. ಇಂಗ್ಲಿಷ್ ಮಾಧ್ಯಮದ್ದಾಗಿದ್ದು, ಕುಟುಂಬದ ಆದಾಯವನ್ನು ಆಧರಿಸಿ ಶುಲ್ಕ ವಿನಾಯಿತಿ ನೀಡುವುದು ಅದರ ಗುಣ. ಊರು ಬಿಡಲಾಗದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಮತ್ತು ಗ್ರಾಮೀಣಾಭಿವೃದ್ಧಿ ಎಂ.ಎ.ಗಳೂ, ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಎಂ.ಎ.ಯೂ ಲಭ್ಯ.

ವಿದೇಶ ವ್ಯಾಸಂಗಕ್ಕೆ ಪರಿಶಿಷ್ಟ ಜಾತಿ ಮೊದಲಾದ ಸಮುದಾಯಗಳ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಆದರೆ 2022ರ ಮಾರ್ಗಸೂಚಿಯು ಭಾರತದ ಸಂಸ್ಕೃತಿ, ಇತಿಹಾಸ ಮತ್ತು ಭಾರತವನ್ನೇ ವಸ್ತುವಾಗಿಸಿಕೊಂಡ ಸಾಮಾಜಿಕ ಅಧ್ಯಯನಗಳನ್ನು ಅದರಿಂದ ಹೊರಗಿಟ್ಟಿತು. ಸ್ವಂತ ತಾಲ್ಲೂಕಿನ ಜಾತಿ ಮತ್ತು ಭೂಸಂಬಂಧಗಳನ್ನು ವಿದೇಶಿ ವಿಶ್ವವಿದ್ಯಾಲಯದಲ್ಲಿ ಅಭ್ಯಸಿಸಬಯಸುವ ವಿದ್ಯಾರ್ಥಿಗೆ ಈ ನಿಯಮ ನೇರವಾದ ತಡೆ.

ಅಧ್ಯಯನ ಕ್ಷೇತ್ರವಾಗಿ ಬೀದರ್

ಸಂಸ್ಥೆಗಳ ಕೊರತೆಯಿರುವ ಈ ಜಿಲ್ಲೆಯಲ್ಲಿ ಅಧ್ಯಯನದ ಸಾಮಗ್ರಿಗೆ ಕೊರತೆಯಿಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಬೀದರ್‌ನಲ್ಲಿ ಮದರಸಾ ಕಟ್ಟಿಸಿದ್ದು ಪ್ರಸಿದ್ಧವಾಗಿದೆ. ಉಸ್ಮಾನಿ ಸುಲ್ತಾನ ಎರಡನೆಯ ಮೆಹಮದ್‌ನಿಗೆ ಬರೆದ ಪತ್ರವನ್ನೂ ಒಳಗೊಂಡ ಆತನ ಪಾರ್ಸಿ ಪತ್ರಸಂಕಲನ ‘ರಿಯಾಜ್-ಉಲ್-ಇನ್ಶಾ’ ಮತ್ತು ಅದೇ ಕಾಲಕ್ಕೆ ಇಲ್ಲಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್‌ನ ಪ್ರವಾಸ ಕಥನ ಇವೆರಡೂ ದಖನ್ನಿನ ರಾಜತಾಂತ್ರಿಕತೆಯ ಮೂಲ ಆಕರಗಳು. ಅಂತರರಾಷ್ಟ್ರೀಯ ಸಂಬಂಧಗಳ ಪಠ್ಯವನ್ನು ಯುರೋಪಿನ ಸಂಧಿಗಳಿಂದಲೇ ಆರಂಭಿಸಬೇಕಿಲ್ಲವೆಂಬುದಕ್ಕೆ ಇವು ಸಾಕ್ಷಿ.

ರಾಜ್ಯಶಾಸ್ತ್ರಕ್ಕೆ 1956ರ ವಿಭಜನೆಯೇ ವಸ್ತು. ಅಂದಿನ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದ್‌ಪುರಗಳು ಮುಂಬೈ ರಾಜ್ಯಕ್ಕೂ, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರ ಪ್ರದೇಶಕ್ಕೂ ಸೇರಿ, ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತಾಡುವ ಜನರ ಒಂದೇ ನೆಲ ಮೂರು ಆಡಳಿತಗಳಾಯಿತು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಗಡಿ ದಾವೆ, ಮಾಂಜ್ರಾ ಮತ್ತು ಕಾರಂಜಾ ನದಿಗಳ ನೀರನ್ನೂ ಒಳಗೊಂಡ ಗೋದಾವರಿ ನ್ಯಾಯಮಂಡಳಿಯ 1980ರ ತೀರ್ಪು ಇವು ಒಕ್ಕೂಟ ವ್ಯವಸ್ಥೆಯ ಜೀವಂತ ಪಾಠಗಳು. ಅಭಿವೃದ್ಧಿ ಅಧ್ಯಯನಕ್ಕೆ ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಅಡಿಪಾಯ. 35 ಸೂಚಕಗಳ ಮೂಲಕ ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವೆಂದು ಗುರುತಿಸಿದ ಆ ಸಮಿತಿ, ಔರಾದ್ ಮತ್ತು ಭಾಲ್ಕಿಯನ್ನು ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿ ಇರಿಸಿತು. ಆ ಬಳಿಕ ಈ ತಾಲ್ಲೂಕುಗಳಿಗೆ ಹರಿದ ಅನುದಾನದ ಫಲವನ್ನು ಅವೇ ಸೂಚಕಗಳಿಂದ ಮರಳಿ ಅಳೆಯುವುದು ಸ್ಥಳೀಯ ಎಂ.ಎ. ಪ್ರಬಂಧಗಳಿಗೆ ತಕ್ಕ ಕೆಲಸ.

ಸಮಾರೋಪ

ಮೇಲಿನ ಚರ್ಚೆಯಿಂದ ತಿಳಿದುಬರುವುದೇನೆಂದರೆ, ಬೀದರ್‌ನ ಪದವೀಧರರಿಗೆ ಆಯ್ಕೆಗಳು ಕಡಿಮೆಯಿಲ್ಲ. ಆದರೆ ಮೀಸಲಾತಿಯ ರಕ್ಷಣೆ ಒಂದು ದಿಕ್ಕಿಗೂ, ಸಮೀಪದ ಉತ್ತಮ ಸಂಸ್ಥೆಗಳು ಇನ್ನೊಂದು ದಿಕ್ಕಿಗೂ, ಸಂಶೋಧನೆಯ ಭಾಷೆ ಮತ್ತೊಂದು ದಿಕ್ಕಿಗೂ ಎಳೆಯುತ್ತವೆ. ಈ ಎಳೆತವನ್ನು ತಗ್ಗಿಸುವ ಹೊಣೆಯನ್ನು ವಿದ್ಯಾರ್ಥಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಹಾಲಹಳ್ಳಿಯ ವಿಶ್ವವಿದ್ಯಾಲಯವು ರಾಜ್ಯಶಾಸ್ತ್ರದ ಹೆಸರಿನಲ್ಲಿಯೇ, ಗಡಿ ರಾಜಕಾರಣ ಮತ್ತು ಪ್ರಾದೇಶಿಕ ಅಭಿವೃದ್ಧಿಯನ್ನು ವಿಶೇಷ ಪತ್ರಿಕೆಗಳಾಗಿ ಹೊಂದಿರುವ, ಕನ್ನಡದಲ್ಲಿ ಬೋಧಿಸುತ್ತಲೇ ಇಂಗ್ಲಿಷ್ ಸಂಶೋಧನಾ ಬರವಣಿಗೆಯನ್ನೂ ಕಡ್ಡಾಯವಾಗಿ ಕಲಿಸುವ ಎಂ.ಎ. ಕಾರ್ಯಕ್ರಮವನ್ನು ರೂಪಿಸಬೇಕು, ಎನ್‌ಇಟಿಯನ್ನು ಕನ್ನಡದಲ್ಲಿಯೂ ನಡೆಸುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಬೇಕು.